ಒಂದು ಮರದ ಕೋನ್‌ಗೆ ಹುಳ, ಪಕ್ಕದ ಮರಕ್ಕೆ ಯಾಕಿಲ್ಲ?

ಪ್ರಶ್ನೆ: ಅಮೆರಿಕದ ಒರೆಗಾನ್‌ನಲ್ಲಿ ಅರಣ್ಯಶಾಸ್ತ್ರ ಓದುತ್ತಿದ್ದೇನೆ. ಇಲ್ಲಿ ಡಗ್ಲಸ್ ಫರ್ ಎಂಬ ದಿಮ್ಮಿ ಮರದ ಬೀಜತೋಟದಲ್ಲಿ (ಬಿತ್ತನೆ ಬೀಜಕ್ಕೆಂದೇ ಬೆಳೆಸಿದ ತೋಟ) ಒಂದು ಮರದ ಕೋನ್‌ಗಳ (ಎಸಳುಗಳ ನಡುವೆ ಬೀಜ ಇರುವ ಗಟ್ಟಿ ಕಾಯಿ) ತುಂಬ ಹುಳ, ಪಕ್ಕದ ಮರದಲ್ಲಿ ಹುಡುಕಿದರೂ ಸಿಗುವುದಿಲ್ಲ. ಇದು ವಂಶಗುಣವಾ? ಹಾಗಿದ್ದರೆ ಹುಳ ಹತ್ತದ ಮರಗಳನ್ನೇ ಉಳಿಸಿಕೊಂಡರೆ ಸಾಕಲ್ವಾ?

ಉತ್ತರ: ವಂಶಗುಣದ ಪಾಲು ಖಂಡಿತ ಇದೆ. ಆದರೆ ಎರಡು ಮರ ನೋಡಿ ಹಾಗೆ ಹೇಳಲು ಬರುವುದಿಲ್ಲ. ಬೀಜತೋಟದಲ್ಲಿರುವುದು ಕಸಿ ಮರಗಳು, ಒಂದೇ ತಾಯಿಮರದ ಕಸಿಗಳು ತೋಟದ ಬೇರೆ ಬೇರೆ ಮೂಲೆಯಲ್ಲಿರುತ್ತವೆ. ಅವೆಲ್ಲಕ್ಕೂ ಹಲವು ವರ್ಷ ಹುಳ ಜಾಸ್ತಿ ಹತ್ತಿದರೆ ಅದು ತಳಿಯ ಗುಣ. ಒಂದಕ್ಕೆ ಮಾತ್ರ ಹತ್ತಿದರೆ ಜಾಗದ್ದೋ ಬಿಸಿಲಿನದ್ದೋ ಪ್ರಭಾವ ಇರಬಹುದು. ಕೋನ್ ಕಡಿಮೆ ಬಿಟ್ಟ ವರ್ಷ ಇದ್ದಬದ್ದ ಕೋನ್‌ಗೇ ಹುಳ ಮುತ್ತುತ್ತದೆ, ಆ ಒಂದೇ ವರ್ಷದ ಲೆಕ್ಕ ನಂಬಬೇಡಿ.

ಡಗ್ಲಸ್ ಫರ್‌ನ ದೊಡ್ಡ ಶತ್ರು ಗಂಟು ಮಾಡುವ ಒಂದು ಪುಟ್ಟ ನೊಣ. ವಸಂತದಲ್ಲಿ ಎಳೆ ಕೋನ್ ನೆಟ್ಟಗೆ ನಿಂತು ಪರಾಗಕ್ಕೆ ಎಸಳು ತೆರೆದಿರುತ್ತದಲ್ಲ, ಆ ಕೆಲವೇ ದಿನಗಳಲ್ಲಿ ಅದು ಒಳಗೆ ಮೊಟ್ಟೆ ಇಡುತ್ತದೆ. ಮೊಗ್ಗು ಯಾವಾಗ ಬಿರಿಯಬೇಕು ಅನ್ನುವುದು ಬಹುಮಟ್ಟಿಗೆ ವಂಶಗುಣ. ಹಾಗಾಗಿ ತಡವಾಗಿ ಬಿರಿಯುವ ತಳಿಗೆ ನೊಣದ ಕಾಟ ಕಡಿಮೆಯಾಗಬಹುದು. ತೋಟದಲ್ಲಿ ತಣ್ಣೀರು ಚಿಮುಕಿಸಿ ಮೊಗ್ಗು ಬಿರಿಯುವುದನ್ನು ತಡಮಾಡಿದಾಗಲೂ ಹಾವಳಿ ಇಳಿದದ್ದಿದೆ. ಇದನ್ನು ನಿರೋಧಕ ಶಕ್ತಿ ಎಂದು ಬರೆದುಕೊಳ್ಳಬೇಡಿ. ಮರ ಸುಮ್ನೆ ತಪ್ಪಿಸಿಕೊಂಡಿದೆ ಅಷ್ಟೇ, ಹವೆ ಬದಲಾದ ವರ್ಷ ಸಿಕ್ಕಿಬೀಳಬಹುದು.

ಹುಡುಕಿದರೂ ಸಿಗಲಿಲ್ಲ ಅಂದಿರಿ, ಹೇಗೆ ಹುಡುಕಿದಿರಿ? ಕೋನನ್ನು ಉದ್ದಕ್ಕೆ ಸೀಳಿ ನೋಡಿ. ಗಂಟುನೊಣ ಹತ್ತಿದ್ದರೆ ಬೀಜ ಎಸಳಿಗೇ ಅಂಟಿಕೊಂಡು ಬಿಡಿಸಲು ಬರುವುದಿಲ್ಲ. ಬೀಜ ತಿನ್ನುವ ಪುಟ್ಟ ಕಣಜದ ಹುಳುವಿನದ್ದು ಬೇರೆ ಕಥೆ. ಅದು ಸೂಜಿಯಂಥ ಅಂಗವನ್ನು ಎಸಳಿನ ಮೂಲಕ ತೂರಿಸಿ ಬೀಜದೊಳಗೇ ಮೊಟ್ಟೆ ಇಡುತ್ತದೆ. ಮರಿ ಒಳಗೆಲ್ಲ ತಿಂದು ಮುಗಿಸಿದರೂ ಹೊರಗೆ ಬೀಜ ಚೆನ್ನಾಗಿಯೇ ಕಾಣುತ್ತದೆ, ಎಕ್ಸ್-ರೇ ತೆಗೆದರೇ ಗೊತ್ತಾಗುವುದು. ಒಂದು ಕೀಟ ಮುಟ್ಟದ ತಳಿಗೆ ಇನ್ನೊಂದು ಕೀಟ ಹತ್ತಬಹುದು.

ಹುಳ ಹತ್ತುವ ಮರಗಳನ್ನು ಕಿತ್ತುಹಾಕುವುದು ನನಗೆ ಒಪ್ಪಿಗೆಯಿಲ್ಲ. ಅವನ್ನು ಆರಿಸಿ ತಂದಿರುವುದು ಬೆಳವಣಿಗೆಗೆ, ಮರದ ಗುಣಮಟ್ಟಕ್ಕೆ. ಮುಂದೆ ಆ ಬೀಜದಿಂದ ಬೆಳೆಸುವ ಕಾಡು ದಿಮ್ಮಿಗಾಗಿ, ಅಲ್ಲಿ ಕೋನ್‌ಗೆ ಹುಳ ಬಿದ್ದರೆ ಅಂಥ ನಷ್ಟವೇನಿಲ್ಲ. ಒಳ್ಳೆ ತಳಿ ಕಳೆದುಕೊಂಡು, ವೈವಿಧ್ಯವನ್ನೂ ಕುಗ್ಗಿಸಿಕೊಳ್ಳುವುದು ಯಾಕೆ? ಹುಳ ಜಾಸ್ತಿ ಹತ್ತುವ ತಳಿಗಳನ್ನು ತೋಟದ ನಕ್ಷೆಯಲ್ಲಿ ಗುರುತು ಮಾಡಿ. ವಸಂತದಲ್ಲಿ ಮೊದಲು ಅವುಗಳ ಕೋನ್ ಬಿಡಿಸಿ ಮೊಟ್ಟೆ ನೋಡಿ, ಔಷಧಿ ಬೇಕಾದರೆ ಅವಕ್ಕಷ್ಟೇ ಹೊಡೆಯಿರಿ.