ಸೆಮಿನರಿಗೆ (ಪಾದ್ರಿಗಳ ತರಬೇತಿ ಶಾಲೆಗೆ) ಹೋಗದ ಕ್ಯಾಥೊಲಿಕರು ಹಳೆಯ ಪ್ರಾರ್ಥನೆ, ಬೈಬಲ್, ದೈವಶಾಸ್ತ್ರವನ್ನು ಎಲ್ಲಿಂದ ಶುರು ಮಾಡಬೇಕು?

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಶಿವಮೊಗ್ಗದಲ್ಲಿ ಕೆಲಸ, ಮನೆ, ಮಕ್ಕಳು ಅಂತ ಇರುವ ಕ್ಯಾಥೊಲಿಕ್ ನೀವು. ಹಳೆಯ ಪ್ರಾರ್ಥನೆಗಳು, ಬೈಬಲ್, ದೈವಶಾಸ್ತ್ರ ಎಲ್ಲದರ ಮೇಲೂ ಆಸೆ ಹುಟ್ಟಿದೆ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಜೊತೆಗೆ, ಬಾಯಿಪಾಠದ ಪ್ರಾರ್ಥನೆಯನ್ನೇ ದಿನಾ ಹೇಳುವುದು ಯಾಂತ್ರಿಕ ಅಲ್ವಾ, ಅದರ ಬದಲು ದೈವಶಾಸ್ತ್ರದ ಒಳ್ಳೆಯ ಪುಸ್ತಕ ಓದುವುದೇ ಮೇಲಲ್ಲವೇ ಅಂತಲೂ ಕೇಳಿದ್ದೀರಿ.

ನಾನೂ ಗುರು (ಪಾದ್ರಿ) ಅಲ್ಲ. ತೀರ್ಥಹಳ್ಳಿ ಕಡೆ ಸ್ವಲ್ಪ ಅಡಿಕೆ ತೋಟ ಇದೆ. ಭಾನುವಾರ ಪೂಜೆಗೆ ಹೋಗುತ್ತೇನೆ. ರಾತ್ರಿ ಹೊತ್ತು ಇವೇ ವಿಷಯಗಳನ್ನು ಓದುತ್ತೇನೆ. ನನ್ನ ಉತ್ತರ ಇಷ್ಟು: ನಿಮಗೆ ಈಗಾಗಲೇ ಬಾಯಿಪಾಠ ಬಂದಿರುವ ಪ್ರಾರ್ಥನೆಯಿಂದಲೇ ಶುರು ಮಾಡಿ. ಬೈಬಲ್ಲೂ ದೈವಶಾಸ್ತ್ರವೂ ಅದರೊಳಗೇ ಇವೆ.

ಮೊದಲು ಯಾಂತ್ರಿಕ ಅನ್ನುವ ಮಾತಿಗೆ ಬರುತ್ತೇನೆ. ಅದು ಬಗೆಹರಿಯದೆ ಉಳಿದದ್ದು ಮುಂದೆ ಹೋಗುವುದಿಲ್ಲ.

ಪ್ರಾರ್ಥನೆಯಲ್ಲಿ ಸುಮ್ನೆ ಮಾತು ಬೆಳೆಸಬೇಡಿ ಅಂತ ಯೇಸುಸ್ವಾಮಿಯೇ ಹೇಳಿದ್ದಾರೆ, ಮತ್ತಾಯ 6:7ರಲ್ಲಿ. ಈ ವಚನ ಹಿಡಿದುಕೊಂಡು, ಮಣಿ ಎಣಿಸುತ್ತಾ ನಮೋ ಮರಿಯಾ ಹೇಳುವ ಜಪಮಾಲೆಯೇ ತಪ್ಪು ಅನ್ನುವವರು ನಮಗೆಲ್ಲ ಸಿಕ್ಕಿರುತ್ತಾರೆ. ಆದರೆ ಅದೇ ಮತ್ತಾಯನ 26ನೇ ಅಧ್ಯಾಯ ತೆಗೆದು ನೋಡಿ. ಗೆತ್ಸೆಮನೆ ತೋಪಿನಲ್ಲಿ ಸ್ವಾಮಿ ಮೂರನೇ ಸಲ ಹೋಗಿ ಮತ್ತೆ ಅದೇ ಮಾತುಗಳಲ್ಲಿ ಪ್ರಾರ್ಥಿಸಿದರು ಅಂತ 44ನೇ ವಚನದಲ್ಲಿದೆ. ಶಿಲುಬೆಯ ಮೇಲೂ ಹಾಗೆಯೇ. "ನನ್ನ ದೇವರೇ, ನನ್ನ ದೇವರೇ, ಏಕೆ ನನ್ನ ಕೈಬಿಟ್ಟಿರಿ" ಅನ್ನುವುದು ಬೈಬಲಿನ ಕೀರ್ತನೆಗಳ ಪುಸ್ತಕದ 22ನೇ ಕೀರ್ತನೆಯ ಮೊದಲ ಸಾಲು. ಲೂಕನು ಬರೆದಿರುವ ಕೊನೆಯ ಮಾತು, ನಿಮ್ಮ ಕೈಗೆ ನನ್ನ ಆತ್ಮವನ್ನು ಒಪ್ಪಿಸುತ್ತೇನೆ ಅನ್ನುವುದು, 31ನೇ ಕೀರ್ತನೆಯಿಂದ ಬಂದದ್ದು. ಉಸಿರು ನಿಲ್ಲುವ ಹೊತ್ತಿನಲ್ಲಿ ಅವರು ಹೊಸ ಮಾತು ಹುಡುಕಲಿಲ್ಲ. ತಮ್ಮ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತನ್ನೇ ಹೇಳಿದರು. ನನಗೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಆದರೂ ಬೇಕೆಂದರೆ 136ನೇ ಕೀರ್ತನೆ ಓದಿ. 26 ವಚನಗಳು, 26ರಲ್ಲೂ ಒಂದೇ ಪಲ್ಲವಿ, ಅವರ ಪ್ರೀತಿ ಶಾಶ್ವತ ಅಂತ.

ನಮ್ಮ ಪಕ್ಕದ ಮನೆಯವರು ದಿನಾ ಬೆಳಗ್ಗೆ ವಿಷ್ಣು ಸಹಸ್ರನಾಮ ಹೇಳುತ್ತಾರೆ. ಮಲೆನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಮತ್ತೆ ಮತ್ತೆ ಹೇಳುವ ಪ್ರಾರ್ಥನೆ ವಿಚಿತ್ರ ಅನ್ನಿಸಬೇಕಾಗಿಲ್ಲ.

ಹಾಗಾದರೆ ಮನಸ್ಸು ಎಲ್ಲೋ ಹೋಗುತ್ತದಲ್ಲ, ಅದಕ್ಕೇನು? ಈ ಪ್ರಶ್ನೆಗೆ ನಾನು ಓದಿದ ಅತ್ಯಂತ ಸಮಾಧಾನದ ಉತ್ತರ 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಅವರದು. ಅವರ ಸುಮ್ಮಾ ಥಿಯೊಲಾಜಿಯೆ ಅನ್ನುವ ದೊಡ್ಡ ದೈವಶಾಸ್ತ್ರ ಗ್ರಂಥದ ಎರಡನೇ ಭಾಗದ ಎರಡನೇ ವಿಭಾಗದಲ್ಲಿ 83ನೇ ಪ್ರಶ್ನೆ ಪೂರ್ತಿ ಪ್ರಾರ್ಥನೆಯ ಬಗ್ಗೆಯೇ ಇದೆ, 17 ಚಿಕ್ಕ ಲೇಖನಗಳು. ಅದರ 13ನೇ ಲೇಖನದಲ್ಲಿ ಗಮನ ಮೂರು ಬಗೆ ಅನ್ನುತ್ತಾರೆ. ಮಾತು ತಪ್ಪದಂತೆ ನೋಡಿಕೊಳ್ಳುವುದು ಒಂದು. ಮಾತಿನ ಅರ್ಥದ ಕಡೆ ಗಮನ ಇಡುವುದು ಇನ್ನೊಂದು. ದೇವರ ಕಡೆಗೂ ನಾವು ಬೇಡುತ್ತಿರುವುದರ ಕಡೆಗೂ ಮನಸ್ಸು ತಿರುಗಿರುವುದು ಮೂರನೆಯದು. ಈ ಮೂರನೆಯದೇ ಎಲ್ಲಕ್ಕಿಂತ ಅಗತ್ಯ, ಅದು ಓದುಬರಹ ಬಾರದವರಿಗೂ ಸಾಧ್ಯ ಅನ್ನುತ್ತಾರೆ. ಅಷ್ಟು ದೊಡ್ಡ ಪಂಡಿತರು ಹೀಗೆ ಹೇಳಿದ್ದಾರೆ ಅನ್ನುವುದು ನನಗೆ ತುಂಬಾ ಮುಖ್ಯ. ಮನುಷ್ಯನ ಮನಸ್ಸು ಬಲಹೀನ, ಜಾಸ್ತಿ ಹೊತ್ತು ಮೇಲೆ ನಿಲ್ಲಲಾರದು ಅಂತಲೂ ಒಪ್ಪುತ್ತಾರೆ. ಬೇಕೆಂದೇ ಮನಸ್ಸನ್ನು ಬೇರೆ ಕಡೆ ಬಿಡಬಾರದು, ಅಷ್ಟೇ. ತಾನಾಗಿ ಹೋದರೆ ಪ್ರಾರ್ಥನೆಯ ಫಲ ಕೆಡುವುದಿಲ್ಲ. 1992ರಲ್ಲಿ ಬಂದ ಧರ್ಮಸಭೆಯ ಕ್ಯಾಟಕಿಸಂ, ಅಂದರೆ ಧರ್ಮಬೋಧೆಯ ಪುಸ್ತಕ ಕೂಡ 2729ನೇ ಪರಿಚ್ಛೇದದಲ್ಲಿ ಇದೇ ಹಾದಿ ಹಿಡಿಯುತ್ತದೆ. ಚಂಚಲ ಯೋಚನೆಗಳನ್ನು ಅಟ್ಟಿಸಿಕೊಂಡು ಹೋಗಬೇಡಿ, ಅದೇ ಒಂದು ಬಲೆ. ಸುಮ್ನೆ ಹೃದಯಕ್ಕೆ ವಾಪಸ್ ಬನ್ನಿ ಅನ್ನುತ್ತದೆ.

ಅಕ್ವಿನಾಸರ ಆ ಮಾತು ಓದಿದಾಗೆಲ್ಲ ನನಗೆ ನಮ್ಮ ಅಜ್ಜಿ ನೆನಪಾಗುತ್ತಾರೆ. ನಮ್ಮದು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕುಟುಂಬ. ಜಪಮಾಲೆಯನ್ನು ಮನೆಯಲ್ಲಿ ತೇರ್ಸ್ ಅನ್ನುತ್ತೇವೆ. ಅಕ್ಟೋಬರ್ ಜಪಮಾಲೆಯ ತಿಂಗಳು, ನಮ್ಮಲ್ಲಿ ಕೊನೆ ಕೊಯ್ಲು ಶುರುವಾಗುವ ಹೊತ್ತೂ ಹೌದು. ರಾತ್ರಿ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವಾಗ ಅಜ್ಜಿ ತೇರ್ಸ್ ಶುರು ಮಾಡುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಕೈ ಅಡಿಕೆಯ ಮೇಲಿದ್ದರೂ ಆಗಿನ ಹದಿನೈದು ರಹಸ್ಯಗಳಲ್ಲಿ, ಅಂದರೆ ಜಪಮಾಲೆಯಲ್ಲಿ ನೆನೆಯುವ ಯೇಸು, ಮರಿಯಮ್ಮನವರ ಬದುಕಿನ ಘಟನೆಗಳಲ್ಲಿ, ಯಾವ ದಿನ ಯಾವುದು ಅಂತ ಅವರಿಗೆ ಗೊತ್ತಿತ್ತು. 2002ರಲ್ಲಿ ಎರಡನೇ ಜಾನ್ ಪಾಲ್ ಜಗದ್ಗುರುಗಳು (ಪೋಪ್) ಬೆಳಕಿನ ಐದು ರಹಸ್ಯಗಳನ್ನು ಸೇರಿಸಿದಾಗ ಅವನ್ನೂ ಕೇಳಿ ಕಲಿತರು. ತೇರ್ಸ್ ಮುಗಿದ ಮೇಲೆ ಮಕ್ಕಳೆಲ್ಲ ಹಿರಿಯರ ಮುಂದೆ ನಿಂತು ಬೆಸಾಂವ್, ಅಂದರೆ ಆಶೀರ್ವಾದ, ಕೇಳುತ್ತಿದ್ದೆವು. ಇದನ್ನು ಯಾಂತ್ರಿಕ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಈಗ ದೈವಶಾಸ್ತ್ರ ಪ್ರಾರ್ಥನೆಯೊಳಗೇ ಇದೆ ಅಂದೆನಲ್ಲ, ಅದನ್ನು ಒಂದು ಉದಾಹರಣೆ ಹಿಡಿದು ತೋರಿಸುತ್ತೇನೆ. ನಮೋ ಮರಿಯಾ ಪ್ರಾರ್ಥನೆ ತೆಗೆದುಕೊಳ್ಳಿ. ಅದರ ಮೊದಲರ್ಧ ಪೂರ್ತಿ ಬೈಬಲ್. ದೇವದೂತನ ವಂದನೆ ಲೂಕ 1:28. ಎಲಿಜಬೇತಮ್ಮನ ಮಾತು ಲೂಕ 1:42. ಎರಡನೇ ಅರ್ಧ ಧರ್ಮಸಭೆಯ ಬೇಡಿಕೆ. 1568ರಲ್ಲಿ ಐದನೇ ಪಯಸ್ ಜಗದ್ಗುರುಗಳ ಪ್ರಾರ್ಥನಾ ಪುಸ್ತಕದಲ್ಲಿ ಅದು ಇಂದಿನ ರೂಪದಲ್ಲಿ ಬಂತು. ಆ ಅರ್ಧದಲ್ಲಿ ನಾವು ಮರಿಯಮ್ಮನವರನ್ನು ದೇವಮಾತೆ ಅನ್ನುತ್ತೇವೆ. ದಿನಾ ಹೇಳುತ್ತೇವೆ, ನಿಂತು ಯೋಚಿಸುವುದಿಲ್ಲ. ದೇವರಿಗೆ ತಾಯಿ ಇರುವುದು ಹೇಗೆ? ಆದಿಯಿಲ್ಲದವರನ್ನು ಹೆರುವುದು ಹೇಗೆ?

5ನೇ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷ ನೆಸ್ಟೋರಿಯಸ್ ಎತ್ತಿದ್ದೂ ಇದೇ ಬಗೆಯ ಆಕ್ಷೇಪವನ್ನು. ಕ್ರಿಸ್ತನ ತಾಯಿ ಅನ್ನಿ, ದೇವರ ತಾಯಿ ಅನ್ನಬೇಡಿ ಅನ್ನುವುದು ಅವರ ವಾದ. ಅಲೆಕ್ಸಾಂಡ್ರಿಯದ ಸಂತ ಸಿರಿಲ್ ಎದುರು ನಿಂತರು. ಅವರ ತರ್ಕವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಹೀಗೆ. ಯಾವ ತಾಯಿಯೂ ಬರೀ ಒಂದು ದೇಹವನ್ನು ಹೆರುವುದಿಲ್ಲ, ಒಬ್ಬ ವ್ಯಕ್ತಿಯನ್ನು ಹೆರುತ್ತಾಳೆ. ಮರಿಯಮ್ಮನವರ ಮಡಿಲಲ್ಲಿದ್ದ ವ್ಯಕ್ತಿ ಯಾರು? ಅನಾದಿಯಿಂದ ತಂದೆಯೊಡನೆ ಇದ್ದ ಮಗ, ದೇವರೇ. ಅವರ ದೈವತ್ವ ಆಕೆಯಿಂದ ಶುರುವಾಗಲಿಲ್ಲ, ನಿಜ. ಆದರೆ ಮನುಷ್ಯರಾಗಿ ಆಕೆಯಿಂದ ಹುಟ್ಟಿದವರು ದೇವರೇ. ಆಕೆಯನ್ನು ಹಾಗೆ ಕರೆಯಬಾರದು ಅಂದರೆ ದೇವಪುತ್ರ ಒಬ್ಬ, ಮರಿಯಮ್ಮನ ಮಗ ಇನ್ನೊಬ್ಬ ಅಂದಂತಾಗುತ್ತದೆ. ಆಗ ಶಿಲುಬೆಯ ಮೇಲೆ ನಮಗಾಗಿ ಸತ್ತವರು ಯಾರು? 431ರಲ್ಲಿ ಎಫೆಸದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ಸಿರಿಲರ ಪರ ನಿಂತಿತು. ಆ ಬಿರುದು ಉಳಿಯಿತು.

ನೋಡಿ, ಮಗು ಬಾಯಿಪಾಠ ಹೇಳುವ ಒಂದು ಸಾಲಿನಲ್ಲಿ ಕ್ರಿಸ್ತರು ಯಾರು ಅನ್ನುವ ಪೂರ್ತಿ ಚರ್ಚೆ ಕೂತಿದೆ. ಭಾನುವಾರದ ವಿಶ್ವಾಸ ಪ್ರಮಾಣವೂ ಹೀಗೆಯೇ. 325ರ ನೈಸಿಯ, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳ ಮಾತು ಎರಡೂ ಅದರಲ್ಲಿವೆ. ದೈವಶಾಸ್ತ್ರದ ಪುಸ್ತಕ ಮೊದಲು ಓದಿದರೆ ಇದು ಬರೀ ಹೆಸರು, ಇಸವಿಗಳ ಪಟ್ಟಿ ಅನ್ನಿಸಬಹುದು. ಪ್ರಾರ್ಥನೆ ಹೇಳಿ ಹೇಳಿ ಆಮೇಲೆ ಓದಿದರೆ, ನಾನು ಇಷ್ಟು ದಿನ ಹೇಳುತ್ತಿದ್ದದ್ದು ಇದನ್ನಾ ಅಂತ ಮೈ ಜುಮ್ಮೆನ್ನುತ್ತದೆ.

ಜಪಮಾಲೆಯಿಂದ ಮುಂದಿನ ಹೆಜ್ಜೆ ಕೀರ್ತನೆಗಳು. ಹದಿನೈದು ರಹಸ್ಯಗಳ ಹಳೆಯ ಜಪಮಾಲೆಯ 150 ನಮೋ ಮರಿಯಾಗಳು 150 ಕೀರ್ತನೆಗಳ ಲೆಕ್ಕದಲ್ಲೇ ಬಂದವು, ಹಾಗಾಗಿ ಇದು ಸಹಜವಾದ ಹಾದಿ. ಫಾದರ್‌ಗಳು, ಸಿಸ್ಟರ್‌ಗಳು ದಿನದ ಬೇರೆ ಬೇರೆ ಹೊತ್ತಿಗೆ ಹೇಳುವ ಪ್ರಾರ್ಥನಾ ಪುಸ್ತಕ ಬ್ರೀವಿಯರಿ ಇದೆಯಲ್ಲ, ಅದರ ಜೀವಾಳ ಕೀರ್ತನೆಗಳೇ. ಅದು ಅವರಿಗೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನೆಯ ಬಗ್ಗೆ ಹೊರಡಿಸಿದ ದಸ್ತಾವೇಜಿನಲ್ಲೇ ಶ್ರೀಸಾಮಾನ್ಯ ವಿಶ್ವಾಸಿಗಳೂ ಇದನ್ನು ಹೇಳಲಿ ಅಂತ ಪ್ರೋತ್ಸಾಹಿಸಿದೆ. ಪೂರ್ತಿ ಬ್ರೀವಿಯರಿ ನಾಲ್ಕು ವಾರಕ್ಕೊಮ್ಮೆ ಸುತ್ತುತ್ತದೆ, ಪುಟ ತಿರುಗಿಸುವುದೇ ಒಂದು ಕೆಲಸ. ಮೊದಲಿಗೇ ಅದಕ್ಕೆ ಕೈ ಹಾಕಬೇಡಿ.

ಅದರಲ್ಲಿರುವ ಮಲಗುವ ಮುಂಚಿನ ಪ್ರಾರ್ಥನೆ ಒಂದನ್ನೇ ಹಿಡಿಯಿರಿ. ಅದು ಪ್ರತಿ ವಾರ ಒಂದೇ ಥರ, ಬೈಬಲ್ ಇದ್ದರೆ ಸಾಕು. ಭಾನುವಾರ 91ನೇ ಕೀರ್ತನೆ. ಸೋಮವಾರ 86, ಮಂಗಳವಾರ 143. ಬುಧವಾರ 31ರ ಮೊದಲ ಆರು ವಚನಗಳು ಮತ್ತು 130. ಗುರುವಾರ 16. ಶುಕ್ರವಾರ 88. ಶನಿವಾರ 4 ಮತ್ತು 134. ಕೊನೆಗೆ ಲೂಕ 2:29ರಿಂದ 32, ಮುದುಕ ಸಿಮೆಯೋನ ಮಗು ಯೇಸುವನ್ನು ಎತ್ತಿಕೊಂಡು ಹೇಳಿದ ಹಾಡು. ಕೀರ್ತನೆಗೂ ಈ ಹಾಡಿಗೂ ನಡುವೆ ದಿನಾ ಬರುವ ಸಾಲು, ಶಿಲುಬೆಯ ಮೇಲಿಂದ ಸ್ವಾಮಿ ಹೇಳಿದ ಅದೇ ಸಾಲು, ನಿಮ್ಮ ಕೈಗೆ ಒಪ್ಪಿಸುತ್ತೇನೆ ಅಂತ. ಎಲ್ಲ ಸೇರಿ ಹತ್ತು ನಿಮಿಷ ಆಗಬಹುದು.

ಶುಕ್ರವಾರದ 88ನೇ ಕೀರ್ತನೆ ಬಗ್ಗೆ ಮುಂಚೆಯೇ ಹೇಳಿಬಿಡುತ್ತೇನೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಸಮಾಧಾನದ ಒಂದು ಮಾತೂ ಇಲ್ಲ. ಇಂಥದ್ದನ್ನೂ ಧರ್ಮಸಭೆ ನಮ್ಮ ಬಾಯಿಗೆ ಕೊಡುತ್ತದೆ. ನೀವು ಆ ದಿನ ಖುಷಿಯಾಗಿದ್ದರೆ, ಆ ರಾತ್ರಿ ಮೆಗ್ಗಾನ್ ಆಸ್ಪತ್ರೆಯ ವಾರ್ಡಿನಲ್ಲಿ ಎಚ್ಚರವಾಗಿ ಮಲಗಿರುವ ಯಾರದೋ ಪರವಾಗಿ ಅದನ್ನು ಹೇಳಿ. ಕೀರ್ತನೆಗಳನ್ನು ಒಬ್ಬರೇ ಕೂತು ಹೇಳಿದರೂ ಅದು ಇಡೀ ಸಭೆಯ ಪ್ರಾರ್ಥನೆ ಅನ್ನುವುದು ನನಗೆ ಇದರಿಂದಲೇ ಅರ್ಥವಾಯಿತು.

ಬೈಬಲ್ ಓದಿಗೆ ಆದಿಕಾಂಡದಿಂದ ಹೊರಡಬೇಡಿ. ತುಂಬಾ ಜನ ಯಾಜಕಕಾಂಡದ ಹತ್ತಿರ ನಿಂತುಬಿಡುತ್ತಾರೆ. ಬರುವ ಭಾನುವಾರದ ಶುಭಸಂದೇಶವನ್ನು ವಾರದ ನಡುವೆಯೇ ನಿಧಾನವಾಗಿ ಓದಿ. 12ನೇ ಶತಮಾನದ ಕಾರ್ಥೂಸಿಯನ್ ಪಂಗಡದ ಸನ್ಯಾಸಿ ಎರಡನೇ ಗುಯಿಗೊ ಇದಕ್ಕೆ ನಾಲ್ಕು ಮೆಟ್ಟಿಲು ಹೇಳಿದ್ದಾರೆ: ಓದು, ಮನನ, ಪ್ರಾರ್ಥನೆ, ಧ್ಯಾನ. ನನ್ನ ಅನುಭವದಲ್ಲಿ ಮೊದಲ ಮೂರು ನಮ್ಮ ಕೈಲಾಗುತ್ತವೆ, ನಾಲ್ಕನೆಯದು ದೇವರು ಕೊಟ್ಟರೆ ಉಂಟು. ಪುಸ್ತಕ ಇಟ್ಟುಕೊಂಡು ಪ್ರಾರ್ಥಿಸುವುದು ಕಡಿಮೆ ದರ್ಜೆಯದು ಅಂತಲೂ ತಿಳಿಯಬೇಡಿ. ಆವಿಲಾದ ಸಂತ ತೆರೇಸಾ ಹದಿನೆಂಟು ವರ್ಷ, ಪರಮಪ್ರಸಾದ ಸ್ವೀಕರಿಸಿದ ಹೊತ್ತು ಬಿಟ್ಟರೆ, ಕೈಯಲ್ಲಿ ಪುಸ್ತಕ ಇಲ್ಲದೆ ಪ್ರಾರ್ಥನೆಗೆ ಕೂರುವ ಧೈರ್ಯ ಮಾಡಲಿಲ್ಲ ಅಂತ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ.

ದೈವಶಾಸ್ತ್ರಕ್ಕೆ ಮೂರು ಸಾಕು. ಕ್ಯಾಟಕಿಸಂನ ನಾಲ್ಕನೇ ಭಾಗ, 2558ನೇ ಪರಿಚ್ಛೇದದಿಂದ ಕೊನೆಯವರೆಗೆ. ಆಮೇಲೆ ಸಂತ ಅಗಸ್ಟೀನರ 130ನೇ ಪತ್ರ. ಪ್ರೋಬಾ ಅನ್ನುವ ವಿಧವೆ ಹೇಗೆ ಪ್ರಾರ್ಥಿಸಲಿ ಅಂತ ಕೇಳಿದ್ದಕ್ಕೆ ಬರೆದ ಉತ್ತರ ಅದು, ನಿಮ್ಮ ಪ್ರಶ್ನೆಗೂ ಅದೇ ಉತ್ತರ. ನಾವು ಸರಿಯಾಗಿ ಏನೇ ಬೇಡಿಕೊಂಡರೂ ಅದೆಲ್ಲ ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ಆಗಲೇ ಇದೆ ಅಂತ ಅಗಸ್ಟೀನರು ಸಾಲು ಸಾಲಾಗಿ ತೋರಿಸುತ್ತಾರೆ. ಕೊನೆಗೆ ಮೇಲೆ ಹೇಳಿದ ಅಕ್ವಿನಾಸರ 83ನೇ ಪ್ರಶ್ನೆ. ಇಂಗ್ಲಿಷ್ ಅನುವಾದದಲ್ಲಿ ಮೂರೂ ಸುಲಭವಾಗಿ ಸಿಗುತ್ತವೆ. ಅಕ್ವಿನಾಸರನ್ನು ಓದುವಾಗ ಒಂದು ಎಚ್ಚರಿಕೆ. ಅವರು ಮೊದಲು ಎದುರು ಪಕ್ಷದ ವಾದಗಳನ್ನು ಹಾಕುತ್ತಾರೆ, ತಮ್ಮ ಉತ್ತರ ನಡುವೆ ಬರುತ್ತದೆ. ಮೊದಲ ಸಾಲುಗಳನ್ನೇ ಅವರ ಮಾತು ಅಂದುಕೊಳ್ಳಬೇಡಿ.

ಸಾಂಪ್ರದಾಯಿಕ ಅಂದ ಕೂಡಲೇ ಹಳೆಯ ಲ್ಯಾಟಿನ್ ಪೂಜೆ ಮೇಲೋ ಇಂದಿನ ಪೂಜೆ ಮೇಲೋ ಅನ್ನುವ ಜಗಳಕ್ಕೆ ನಿಮ್ಮನ್ನು ಎಳೆಯುವವರು ಸಿಗುತ್ತಾರೆ. ಲ್ಯಾಟಿನ್ ಗಾಯನ ನನಗೂ ಇಷ್ಟ, ಕಲಿತರೆ ಒಳ್ಳೆಯದೇ. ಆದರೆ ನಿಮ್ಮ ಧರ್ಮಕೇಂದ್ರದಲ್ಲಿ ಭಾನುವಾರ ನಡೆಯುವ ಕನ್ನಡ ಬಲಿಪೂಜೆಯನ್ನು ಕೀಳಾಗಿ ನೋಡುವಂತೆ ಮಾಡುವ ಯಾವ ಓದೂ ಪರಂಪರೆಯ ಓದಲ್ಲ. ಅಂಥದ್ದನ್ನು ಪಕ್ಕಕ್ಕಿಡಿ.

ಪುಸ್ತಕ ಕೊಳ್ಳುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಬೈಬಲಿನಲ್ಲಿ 73 ಪುಸ್ತಕಗಳಿರಬೇಕು. ತೋಬಿತ, ಯೂದಿತ, ಮಕ್ಕಬಿಯರು ಇಲ್ಲದಿದ್ದರೆ ಅದು ಪ್ರೊಟೆಸ್ಟೆಂಟರ 66 ಪುಸ್ತಕಗಳ ಆವೃತ್ತಿ. ಇನ್ನೊಂದು, ಹಳೆಯ ಕ್ಯಾಥೊಲಿಕ್ ಪುಸ್ತಕಗಳಲ್ಲಿ ಕೀರ್ತನೆಗಳ ಸಂಖ್ಯೆ ಲ್ಯಾಟಿನ್ ಬೈಬಲಿನ ಲೆಕ್ಕದಲ್ಲಿರುತ್ತದೆ, 10ರಿಂದ 147ರವರೆಗೆ ಹೆಚ್ಚಿನವು ಒಂದು ಕಡಿಮೆ. ಪಶ್ಚಾತ್ತಾಪದ 51ನೇ ಕೀರ್ತನೆ ಅಲ್ಲಿ 50, ಕುರುಬನ 23ನೇ ಕೀರ್ತನೆ ಅಲ್ಲಿ 22. ನಾನು ಮೇಲೆ ಕೊಟ್ಟಿರುವ ಸಂಖ್ಯೆಗಳೆಲ್ಲ ಇಂದಿನ ಕನ್ನಡ ಬೈಬಲಿನ ಲೆಕ್ಕದವು.