ಮುಳ್ಳಿದ್ದ ಮಾತ್ರಕ್ಕೆ ನೆಂಟರಾಗುವುದಿಲ್ಲ

ಪ್ರಶ್ನೆ: ನಮ್ಮ ಕಾಡಿನ ಮುಳ್ಳುಹಂದಿ ದಕ್ಷಿಣ ಅಮೆರಿಕದಲ್ಲೂ ಇದೆಯಂತೆ. ಭೂಖಂಡಗಳು ಒಡೆದು ದೂರ ಸರಿದಾಗ ಕೆಲವು ಅಲ್ಲೇ ಉಳಿದುಕೊಂಡವು, ಅಲ್ವಾ?

ಅಲ್ಲ. ಈ ಪ್ರಶ್ನೆ ಬರದ ತಿಂಗಳಿಲ್ಲ. ಒಂದು ಪರೀಕ್ಷೆಯ ಗೈಡಿನಲ್ಲೂ ಇದೇ ಮಾತು ಉತ್ತರವಾಗಿ ಅಚ್ಚಾಗಿದ್ದನ್ನು ನೋಡಿ ಬೇಸರವಾಯಿತು. ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ಹಾಗಾಗಿ ಈ ಸಲ ಜಾಸ್ತಿ ಜಾಗ ಇದಕ್ಕೇ.

ಮೊದಲು ವರ್ಷದ ಲೆಕ್ಕ ಹಾಕಿ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕ ಬೇರೆಯಾಗಿ ಸುಮಾರು 10 ಕೋಟಿ ವರ್ಷ ಆಯಿತು. ಅದು ಡೈನೋಸಾರ್‌ಗಳ ಕಾಲ. ಮುಳ್ಳುಹಂದಿ, ಇಲಿ, ಅಳಿಲುಗಳಂಥ ಕಡಿಯುವ ಪ್ರಾಣಿಗಳಿಗೆ ದಂಶಕ ಎನ್ನುತ್ತಾರೆ; ಆ ಕಾಲದ ಒಂದೇ ಒಂದು ದಂಶಕದ ಪಳೆಯುಳಿಕೆಯೂ ಎಲ್ಲೂ ಸಿಕ್ಕಿಲ್ಲ. ದಕ್ಷಿಣ ಅಮೆರಿಕದ ಅತಿ ಹಳೆಯ ದಂಶಕಗಳು ಪೆರು ದೇಶದ ಕೊಂಟಮಾನ ಬಳಿ ಸಿಕ್ಕಿವೆ. ಪುಟ್ಟ ಪುಟ್ಟ ಹಲ್ಲುಗಳು, ವಯಸ್ಸು ಸುಮಾರು 4.1 ಕೋಟಿ ವರ್ಷ. ಅಷ್ಟು ಹೊತ್ತಿಗೆ ನಡುವೆ ಅಟ್ಲಾಂಟಿಕ್ ಸಮುದ್ರ ಬಂದಾಗಿತ್ತು. ಆದರೂ ಆ ಹಲ್ಲುಗಳು ಹೋಲುವುದು ಆಫ್ರಿಕಾದ ಹಳೆಯ ದಂಶಕಗಳ ಹಲ್ಲನ್ನು.

ಹಾಗಾದರೆ ದಾಟಿದ್ದು ಹೇಗೆ? ತೇಲಿಕೊಂಡು. ದೊಡ್ಡ ನದಿಗಳಲ್ಲಿ ನೆರೆ ಬಂದಾಗ ದಡದ ತುಂಡುಗಳೇ ಮರ ಸಮೇತ ಕಿತ್ತು ಸಮುದ್ರಕ್ಕೆ ಹೋಗುತ್ತವೆ. ಆಗ ಅಟ್ಲಾಂಟಿಕ್ ಈಗಿನಷ್ಟು ಅಗಲ ಇರಲಿಲ್ಲ. ಗಾಳಿ, ಪ್ರವಾಹ ಎರಡೂ ಪಶ್ಚಿಮಕ್ಕೆ ನೂಕುತ್ತಿದ್ದವು. ಕೇಳಿದರೆ ನಂಬುವುದು ಕಷ್ಟ, ನನಗೂ ವಿದ್ಯಾರ್ಥಿಯಾಗಿದ್ದಾಗ ಕಷ್ಟವಾಗಿತ್ತು. ಆದರೆ ಲಕ್ಷಾಂತರ ವರ್ಷಗಳಲ್ಲಿ ಒಂದು ಸಲ ಗುರಿ ಮುಟ್ಟಿದರೂ ಸಾಕು. ಅಲ್ಲಿನ ಕೋತಿಗಳ ಪೂರ್ವಜರು ದಾಟಿದ್ದೂ ಹೀಗೆಯೇ.

ಬಂದವು ಅಲ್ಲೇ ಬೆಳೆದು ಕವಲೊಡೆದವು. ಆಂಡಿಸ್ ಬೆಟ್ಟದ ಚಳಿಗೆ ಚಿಂಚಿಲ್ಲಾ. ಪಟಗೋನಿಯಾದ ಬಯಲಿಗೆ ಮೊಲದಂಥ ಉದ್ದ ಕಾಲಿನ ಮಾರಾ. ನೆಲದೊಳಗೆ ಟುಕೊ-ಟುಕೊ, ನೀರಿನ ಬದಿಗೆ ಕ್ಯಾಪಿಬರಾ. ಮರದ ಮೇಲೆ ಅಲ್ಲಿನ ಮುಳ್ಳುಹಂದಿ. ಈ ಇಡೀ ಬಳಗಕ್ಕೆ ಕೇವಿಯೊಮಾರ್ಫ ಎನ್ನುತ್ತಾರೆ. ಅಲ್ಲಿನ ಮುಳ್ಳುಹಂದಿಗೆ ಹತ್ತಿರದ ನೆಂಟರು ಗಿನಿಪಿಗ್, ಕ್ಯಾಪಿಬರಾಗಳೇ ಹೊರತು ನಮ್ಮ ಮುಳ್ಳುಹಂದಿಯಲ್ಲ. ನಮ್ಮದು ಬಿಲ ತೋಡಿ ನೆಲದಲ್ಲಿ ಬಾಳುವ ಪ್ರಾಣಿ. ಅಲ್ಲಿನ ಮುಳ್ಳುಹಂದಿ ಕೊಎಂಡೂ ಬಾಲದಿಂದ ಕೊಂಬೆ ಹಿಡಿದು ಮರದಲ್ಲಿರುತ್ತದೆ. ಎರಡು ಕಡೆಯೂ ಮುಳ್ಳು ಬೇರೆ ಬೇರೆಯಾಗಿ ಹುಟ್ಟಿಕೊಂಡಿತು.

ದೂರದ ಸಂಬಂಧ ಇದೆ, ಅದನ್ನೂ ಹೇಳಬೇಕು. ನಮ್ಮ ಮುಳ್ಳುಹಂದಿ, ಅಲ್ಲಿನ ಬಳಗ ಎರಡರ ತಲೆಬುರುಡೆಯಲ್ಲೂ ಕಣ್ಣಿನ ಮುಂದೆ ದೊಡ್ಡ ತೂತಿರುತ್ತದೆ. ದವಡೆಯ ಸ್ನಾಯುವಿನ ಒಂದು ಭಾಗ ಅದರೊಳಗಿಂದ ಹಾದು ಬರುತ್ತದೆ. ಅಳಿಲಿನಲ್ಲಿ ಹೀಗಿಲ್ಲ. ವಿಂಗಡಿಸುವವರು ನೋಡುವುದು ಇಂಥದ್ದನ್ನು. ಈಗ ಡಿಎನ್‌ಎ ಕೂಡ ನೋಡುತ್ತಾರೆ. ಮೈಮೇಲಿನ ಮುಳ್ಳು, ಗಾತ್ರ, ಬಣ್ಣ ನೋಡಿ ನೆಂಟಸ್ತನ ಹೇಳಬೇಡಿ.

ಕೆನಡಾದಲ್ಲಿರುವ ಓದುಗರು ಹಿತ್ತಲಿಗೆ ಬಂದ ಮುಳ್ಳುಹಂದಿಯ ಫೋಟೋ ಕಳಿಸಿ ‘ಊರಿನದೇ ಇಲ್ಲೂ ಇದೆ’ ಎಂದು ಬರೆಯುತ್ತಾರೆ. ಅದು ಕೂಡ ದಕ್ಷಿಣ ಅಮೆರಿಕದ ಬಳಗದ್ದೇ, ಅಲ್ಲಿಂದ ಉತ್ತರಕ್ಕೆ ಹೋದದ್ದು.

ಎರಡು ಅಮೆರಿಕಗಳನ್ನು ಸೇರಿಸುವ ಪನಾಮಾದ ನೆಲಸೇತುವೆ ಕೂಡಿಕೊಂಡದ್ದು ಸುಮಾರು 30 ಲಕ್ಷ ವರ್ಷಗಳ ಹಿಂದೆ. ಉತ್ತರದಿಂದ ದಕ್ಷಿಣಕ್ಕೂ ಬಂದವರಿದ್ದಾರೆ. ದಕ್ಷಿಣ ಅಮೆರಿಕದ ಸಣ್ಣ ಇಲಿಗಳಲ್ಲಿ ಹೆಚ್ಚಿನವು ಉತ್ತರದಿಂದ ಬಂದ ಸಿಗ್ಮೊಡಾಂಟ್ ಗುಂಪಿನವು. ಈಗ ಅವು 400ಕ್ಕೂ ಜಾಸ್ತಿ ಪ್ರಭೇದ. ಅವುಗಳ ನೆಂಟ ಹ್ಯಾಮ್‌ಸ್ಟರ್. ನಮ್ಮ ಮನೆ ಇಲಿ ಅಲ್ಲಿಗೆ ಹೋಗಿದ್ದು ಯುರೋಪಿನ ಹಡಗುಗಳಲ್ಲಿ. ‘ದಕ್ಷಿಣ ಅಮೆರಿಕದ ಇಲಿಗಳು’ ಎಂದು ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಿದರೆ ಈ ಕಥೆಯೇ ಕಾಣುವುದಿಲ್ಲ.

ಪ್ರಶ್ನೆ: ಕ್ಯಾಪಿಬರಾ ಹಂದಿಯ ಜಾತಿಯೇ?

ಅಲ್ಲ. ಜೀವಿಗಳಿಗೆ ಹೆಸರಿಟ್ಟು ವಿಂಗಡಿಸಿದ ವಿಜ್ಞಾನಿ ಲಿನೇಯಸ್ 1766ರಲ್ಲಿ ಅದನ್ನು ಹಂದಿಗಳ ಜೊತೆ ಸೇರಿಸಿದ್ದರು. ಅದನ್ನು ತಿದ್ದಿ ತುಂಬಾ ಕಾಲವಾಯಿತು.

ಪ್ರಶ್ನೆ: ಮುಳ್ಳುಹಂದಿ ಮುಳ್ಳನ್ನು ಬಾಣದಂತೆ ಎಸೆಯುತ್ತದೆಯೇ?

ಇಲ್ಲ. ಯಾವ ದೇಶದ್ದೂ ಎಸೆಯುವುದಿಲ್ಲ.

ಪ್ರಶ್ನೆ: ವಿಡಿಯೋ ನೋಡಿ ಮಗಳು ಕ್ಯಾಪಿಬರಾ ಸಾಕೋಣ ಎನ್ನುತ್ತಿದ್ದಾಳೆ. ತೋಟದಲ್ಲಿ ಕೆರೆ ಇದೆ.

ಬೇಡ. ಅದು ಗುಂಪಿನಲ್ಲಿ ಬಾಳುವ, 50 ಕಿಲೋ ತೂಗುವ ಪ್ರಾಣಿ. ತಪ್ಪಿಸಿಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ಬಳಗದ ಕೊಯ್ಪು ಎಂಬ ಪ್ರಾಣಿಯ ಕಥೆ ಸಾಕು. ತುಪ್ಪಳಕ್ಕೆಂದು ಬ್ರಿಟನ್ನಿಗೆ ಒಯ್ದರು. ಅದು ತಪ್ಪಿಸಿಕೊಂಡು ಕಾಲುವೆ ದಂಡೆಗಳನ್ನೆಲ್ಲ ತೋಡಿ ಹಾಕಿತು. ಪೂರ್ತಿ ತೆಗೆಯುವ ಹೊತ್ತಿಗೆ 1989 ಬಂದಿತ್ತು. ನಾನು ಈ ವಿಷಯದಲ್ಲಿ ತುಂಬಾ ಬಿಗಿ, ಬದಲಾಗುವುದಿಲ್ಲ.

ಪ್ರಶ್ನೆ: ಮುಳ್ಳುಹಂದಿಯ ಹೊಟ್ಟೆಯ ಕಲ್ಲು ಕ್ಯಾನ್ಸರ್‌ಗೆ, ಕ್ಯಾಪಿಬರಾ ಎಣ್ಣೆ ಉಬ್ಬಸಕ್ಕೆ ಒಳ್ಳೆಯದಂತೆ. ಮಗನಿಗೆ ಉಬ್ಬಸ ಇದೆ, ತರಿಸಬಹುದೇ?

ತರಿಸಬೇಡಿ. ಆ ಕಲ್ಲು ಪ್ರಾಣಿಯ ಹೊಟ್ಟೆಯಲ್ಲಿ ಜೀರ್ಣವಾಗದೆ ಗಟ್ಟಿಯಾದ ಉಂಡೆ, ಅಷ್ಟೇ. ಅದಕ್ಕಾಗಿ ಮುಳ್ಳುಹಂದಿಗಳನ್ನು ಕೊಲ್ಲುತ್ತಾರೆ, ರೋಗಿಯ ಮನೆಯವರಿಂದ ದುಡ್ಡು ಸುಲಿಯುತ್ತಾರೆ. ನಮ್ಮಲ್ಲಿ ಮುಳ್ಳುಹಂದಿ ಬೇಟೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಉಬ್ಬಸ ಜೀವಕ್ಕೇ ಕುತ್ತು ತರುವ ಕಾಯಿಲೆ, ಅದಕ್ಕೆ ಇನ್‌ಹೇಲರ್ ಇದೆ. ಮಗನನ್ನು ಈ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.