ಹುಡುಗರು ನನ್ನ ರೀಲ್ಸ್ ನೋಡಿದ್ದಾರೆ, ಏನು ಮಾಡಲಿ?

ಪ್ರಶ್ನೆ: ಹಾಸನದಲ್ಲಿ ಬಿ.ಎಡ್. ಎರಡನೇ ವರ್ಷ ಓದುತ್ತಿದ್ದೇನೆ. ಇಂಟರ್ನ್‌ಶಿಪ್‌ಗೆ ಬೇಲೂರು ಕಡೆಯ ಹೈಸ್ಕೂಲಿಗೆ ಹೋಗುತ್ತೇನೆ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಎಲ್ಲರೆದುರು ‘ಮಿಸ್, ಮುಳ್ಳಯ್ಯನಗಿರಿ ಡ್ಯಾನ್ಸ್ ರೀಲ್ಸ್ ಸೂಪರ್’ ಅಂದುಬಿಟ್ಟ. ಇಡೀ ಕ್ಲಾಸು ನಕ್ಕಿತು. ಡಿಗ್ರಿಯಲ್ಲಿದ್ದಾಗ ಫೇಸ್‌ಬುಕ್‌ನಲ್ಲಿ ರಾಜಕೀಯದ ಬಗ್ಗೆ ಸಿಕ್ಕಾಪಟ್ಟೆ ಜಗಳ ಆಡಿದ್ದೂ ಇದೆ. ಮುಂದೆ ಕೆಲಸಕ್ಕೆ ತೊಂದರೆ ಆಗುತ್ತಾ? ಎಲ್ಲ ಅಕೌಂಟ್ ಡಿಲೀಟ್ ಮಾಡಿಬಿಡಲಾ? ಮಕ್ಕಳು ಫಾಲೋ ರಿಕ್ವೆಸ್ಟ್ ಕಳಿಸಿದರೆ ಏನು ಮಾಡಲಿ?
– ಹೆಸರು ಬೇಡ, ಹಾಸನ

ಉತ್ತರ: ಡಿಲೀಟ್ ಬೇಡ, ಗಾಬರಿಯಲ್ಲಂತೂ ಬೇಡವೇ ಬೇಡ. ಬೆಟ್ಟದ ಮೇಲೆ ಕುಣಿದದ್ದು ತಪ್ಪೇನಲ್ಲ. ಹುಡುಗರಿಗೆ ಅದು ಎರಡು ದಿನದ ತಮಾಷೆ, ಆಮೇಲೆ ಮರೆಯುತ್ತಾರೆ. ನಿಮ್ಮ ಪತ್ರ ಓದಿ ನಾನು ಸ್ವಲ್ಪ ಯೋಚಿಸಿದ್ದು ಆ ಫೇಸ್‌ಬುಕ್ ಜಗಳದ ಬಗ್ಗೆ.

ಮೊದಲು ಹೊರಗಿನವರಿಗೆ ಏನು ಕಾಣುತ್ತದೆ ಅಂತ ನೋಡಿಕೊಳ್ಳಿ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ (ನಿಮ್ಮ ಲಾಗಿನ್ ಇಲ್ಲದೆ ತೆರೆಯುವ ವಿಂಡೋ) ತೆರೆದು ನಿಮ್ಮ ಹೆಸರನ್ನು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹುಡುಕಿ, ಜೊತೆಗೆ ಊರು, ಕಾಲೇಜು ಸೇರಿಸಿ. ನಮ್ಮ ಕಡೆ ಒಂದೇ ಹೆಸರಿನವರು ಬೀದಿಗೊಬ್ಬರು ಇರುತ್ತಾರೆ, ಸುಮ್ನೆ ಹೆಸರು ಹಾಕಿದರೆ ಯಾರದೋ ಫೋಟೋ ಬರುತ್ತೆ. ಫೋನ್ ನಂಬರ್ ಹಾಕಿಯೂ ಒಮ್ಮೆ ನೋಡಿ.

ಫೇಸ್‌ಬುಕ್ ಸೆಟ್ಟಿಂಗ್ಸ್‌ನಲ್ಲಿ ‘ಲಿಮಿಟ್ ಪಾಸ್ಟ್ ಪೋಸ್ಟ್ಸ್’ ಅಂತ ಒಂದಿದೆ. ಅದನ್ನು ಒತ್ತಿದರೆ ಹಿಂದೆ ಎಲ್ಲರಿಗೂ ಕಾಣುತ್ತಿದ್ದ ನಿಮ್ಮ ಪೋಸ್ಟ್‌ಗಳೆಲ್ಲ ಒಂದೇ ಸಲಕ್ಕೆ ಫ್ರೆಂಡ್ಸ್‌ಗೆ ಮಾತ್ರ ಅಂತಾಗುತ್ತವೆ. ಆದರೆ ಬೇರೆಯವರ ಪೋಸ್ಟಿನ ಕೆಳಗೆ, ಸುದ್ದಿ ಪೇಜ್‌ಗಳ ಕೆಳಗೆ ನೀವು ಬರೆದ ಕಾಮೆಂಟ್‌ಗಳಿಗೆ ಇದು ತಾಗುವುದಿಲ್ಲ, ಜಗಳ ಆಡಿದ್ದೆಲ್ಲ ಅಲ್ಲೇ ತಾನೆ? ಅದಕ್ಕೆ ಆ್ಯಕ್ಟಿವಿಟಿ ಲಾಗ್‌ಗೆ (ಫೇಸ್‌ಬುಕ್‌ನಲ್ಲಿ ನೀವು ಮಾಡಿದ್ದರ ಪಟ್ಟಿ) ಹೋಗಿ ಕಾಮೆಂಟ್ಸ್ ತೆಗೆದು ಕೂತುಕೊಂಡು ನೋಡಬೇಕು. ಬೇಜಾರಿನ ಕೆಲಸ, ಒಂದು ಭಾನುವಾರ ಹೋಗುತ್ತದೆ. ಅಭಿಪ್ರಾಯ ಹೇಳಿದ್ದನ್ನು ಅಳಿಸಬೇಕಾಗಿಲ್ಲ. ಯಾರದೋ ಜಾತಿ, ಧರ್ಮ, ಊರು, ಮೈಬಣ್ಣ ಎತ್ತಿ ಆಡಿದ್ದಿದ್ದರೆ ಮಾತ್ರ ಹಿಂದೆಮುಂದೆ ನೋಡದೆ ಅಳಿಸಿ. ನಿಮ್ಮ ಕ್ಲಾಸಿನಲ್ಲಿ ಕೂರುವ ಮಗು ಆ ಮನೆಯದೇ ಇರಬಹುದು, ಅಲ್ವಾ? ಅಳಿಸಿದ್ದೂ ಯಾರದೋ ಫೋನಿನಲ್ಲಿ ಸ್ಕ್ರೀನ್‌ಶಾಟ್ ಆಗಿ ಉಳಿದಿರಬಹುದು, ಅದಕ್ಕೆ ಮದ್ದಿಲ್ಲ.

ಕೆಲಸದ ವಿಚಾರ. ಸರ್ಕಾರಿ ಶಾಲೆಗೆ ಸೇರಿದ ಮೇಲೆ 2021ರ ಕರ್ನಾಟಕ ರಾಜ್ಯ ಸಿವಿಲ್ ಸೇವಾ (ನಡತೆ) ನಿಯಮಗಳು ನಿಮಗೂ ಅನ್ವಯಿಸುತ್ತವೆ. ಪಕ್ಷದ ಪರ ಕೆಲಸ ಮಾಡುವುದು, ಸರ್ಕಾರವನ್ನು ಬಹಿರಂಗವಾಗಿ ಟೀಕಿಸುವುದು ಎರಡೂ ಕಷ್ಟ. ಇವತ್ತು ನೀವು ನೌಕರರಲ್ಲ, ಹಾಗಾಗಿ ಹಳೆಯದಕ್ಕೆ ನಿದ್ದೆಗೆಡಬೇಡಿ. ಖಾಸಗಿ ಶಾಲೆಯವರು ಮಾತ್ರ ಇಂಟರ್‌ವ್ಯೂಗೆ ಮುಂಚೆ ಹೆಸರು ಹುಡುಕಿ ನೋಡಿದರೆ ಆಶ್ಚರ್ಯವಿಲ್ಲ.

ನೀವು ಕೇಳದ ಒಂದು ವಿಷಯ ಇದೆ, ನನ್ನ ಪ್ರಕಾರ ಇದೇ ದೊಡ್ಡದು. ಇಂಟರ್ನ್‌ಶಿಪ್ ಶುರುವಾದ ಮೇಲೆ ‘ಮೈ ಕ್ಯೂಟ್ ಸ್ಟೂಡೆಂಟ್ಸ್’ ಅಂತ ಸ್ಟೇಟಸ್ ಹಾಕಿದ್ದೀರಾ? ಹಾಕಿದ್ದರೆ ಇವತ್ತೇ ತೆಗೆಯಿರಿ. ಯೂನಿಫಾರ್ಮ್, ಶಾಲೆಯ ಬೋರ್ಡು, ಮಗುವಿನ ಮುಖ ಒಂದೇ ಫೋಟೋದಲ್ಲಿ ಇದ್ದರೆ ಆ ಮಗು ದಿನಾ ಎಲ್ಲಿರುತ್ತದೆ ಅಂತ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸುವ ಸಂಸ್ಥೆಗಳು ಅಪ್ಪ ಅಮ್ಮನ ಒಪ್ಪಿಗೆ ಪಡೆಯಬೇಕು. ಸಂಸ್ಥೆಗಳಿಗೇ ಹೀಗಿರುವಾಗ ನಾವು ಮೇಷ್ಟ್ರು ಕೇಳದೆ ಹಾಕುವುದು ಸರಿಯಲ್ಲ. ಬಿ.ಎಡ್. ರೆಕಾರ್ಡಿಗೆ ಫೋಟೋ ಬೇಕಾದರೆ ಹೆಡ್‌ಮಾಸ್ಟರನ್ನು ಕೇಳಿ ಹಿಂದಿನಿಂದ ತೆಗೆಯಿರಿ.

ಇನ್ನು ರಿಕ್ವೆಸ್ಟ್. ಇನ್‌ಸ್ಟಾಗ್ರಾಂ ಪ್ರೈವೇಟ್ ಮಾಡಿ, ಆದರೆ ಈಗಾಗಲೇ ಫಾಲೋ ಮಾಡುತ್ತಿರುವವರು ಹಾಗೇ ಉಳಿಯುತ್ತಾರೆ, ನೀವೇ ಒಬ್ಬೊಬ್ಬರನ್ನೇ ರಿಮೂವ್ ಮಾಡಬೇಕು. ತೆಗೆದ ಸುದ್ದಿ ಅವರಿಗೆ ನೋಟಿಫಿಕೇಶನ್ ಆಗಿ ಹೋಗುವುದಿಲ್ಲ. ಬೇಡ ಅನಿಸಿದ ರೀಲ್ಸ್ ಅನ್ನು ಆರ್ಕೈವ್‌ಗೆ ಹಾಕಿದರೆ ನಿಮಗೊಬ್ಬರಿಗೇ ಕಾಣುತ್ತದೆ. ಮಕ್ಕಳು ಕೇಳಿದರೆ ‘ಸ್ಟೂಡೆಂಟ್ಸ್ ಯಾರನ್ನೂ ಸೇರಿಸಿಕೊಳ್ಳಲ್ಲ’ ಅಂತ ಎಲ್ಲರಿಗೂ ಒಂದೇ ಮಾತು ಹೇಳಿ. ಒಬ್ಬನನ್ನು ಸೇರಿಸಿ ಇನ್ನೊಬ್ಬಳನ್ನು ಬಿಟ್ಟರೆ ಮಾರನೇ ದಿನವೇ ದೂರು ಸ್ಟಾಫ್ ರೂಮಿಗೆ ಬರುತ್ತೆ.